ಅರ್ಧ ದಿನದ ಶ್ರೀರಂಗಪಟ್ಟಣ

ಹಲಗೂರು, ಮಳವಳ್ಳಿ, ಮದ್ದೂರು ಸುತ್ತಿನ ಕೇಳುಗರಿಗೆ ಶ್ರೀರಂಗಪಟ್ಟಣ ಹೊಸ ಊರೇನಲ್ಲ. ಶಾಲೆಯ ಪ್ರವಾಸದಲ್ಲಿ ಒಮ್ಮೆ, ಹರಕೆ ತೀರಿಸಲು ನಿಮಿಷಾಂಬೆಯ ಗುಡಿಗೆ ಒಮ್ಮೆ, ಹಿರಿಯರ ಅಸ್ಥಿ ಬಿಡಲು ಪಶ್ಚಿಮವಾಹಿನಿಗೋ ಸಂಗಮಕ್ಕೋ ಒಮ್ಮೆ, ಹೀಗೆ ನಮ್ಮ ಸೀಮೆಯವರ ಕಾಲು ಆ ದ್ವೀಪದ ಮೇಲೆ ಬಿದ್ದೇ ಇರುತ್ತದೆ. ಆದರೂ ಅಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ಸಿಗುವುದು ಒಂದು ಪಟ್ಟಿ: ರಂಗನಾಥಸ್ವಾಮಿ ದೇವಸ್ಥಾನ, ಮಸೀದಿ, ದರಿಯಾ ದೌಲತ್, ಗುಂಬಜ್, ನಿಮಿಷಾಂಬ, ಸಂಗಮ, ಸಂಜೆಗೆ ಕನ್ನಂಬಾಡಿಯ ದೀಪಗಳು. ಪಟ್ಟಿ ಮುಗಿದ ಮೇಲೆ ಒಂದು ಕೊರಗು, ‘ಅರ್ಧ ದಿನದಲ್ಲಿ ಇನ್ನೇನು ನೋಡೋಕಾಗುತ್ತೆ’ ಎಂದು. ಈ ಕೊರಗನ್ನು ನಾನು ಒಪ್ಪುವುದಿಲ್ಲ. ಊರಿನ ಬಾಳು ಹೇಗೆ ನಡೆದಿತ್ತು, ಹೇಗೆ ಮುರಿಯಿತು ಎಂಬುದನ್ನು ಅರಿಯಲು ಅರ್ಧ ದಿನ ಧಾರಾಳವಾಗಿ ಸಾಕು. ಆದರೆ ಆ ನೋಟ ಗೋಪುರದ ಬುಡದಲ್ಲಿ ಶುರುವಾದರೆ ತಡವಾಯಿತು. ಅದು ಹಲಗೂರಿನ ರಸ್ತೆಯಲ್ಲೇ ಶುರುವಾಗಬೇಕು. ಏಕೆಂದರೆ ಶ್ರೀರಂಗಪಟ್ಟಣವನ್ನು ಉಳಿಸಿದ್ದೂ ಕೊನೆಗೆ ಕೆಡವಿದ್ದೂ ಅಲ್ಲಿಗೆ ಬರುವ ದಾರಿ ಮತ್ತು ಅದರ ಸುತ್ತ ಹರಿಯುವ ನೀರು. ಕಟ್ಟಡಗಳ ಮಾತು ಆಮೇಲಿನದು.

ಪಟ್ಟಿ ಹಿಡಿದು ಓಡುವ ಪ್ರವಾಸ ನಮ್ಮಲ್ಲಿ ಮಾತ್ರ ಇದೆ ಎಂದುಕೊಳ್ಳಬೇಕಾಗಿಲ್ಲ. ಟರ್ಕಿಯ ಇಸ್ತಾಂಬುಲ್ ನಗರವನ್ನು ನೋಡಲು ಈಗ ನಮ್ಮ ನಾಡಿನಿಂದಲೂ ಜನ ಹೋಗುತ್ತಾರೆ. ಪ್ರವಾಸ ಕಂಪನಿಗಳು ಆ ಮಹಾನಗರಕ್ಕೆ ಕೊಡುವುದು ಒಂದೋ ಎರಡೋ ದಿನ. ಕ್ರಿ.ಶ. 537ರಲ್ಲಿ ಚರ್ಚಾಗಿ ಮುಗಿದು, 1453ರಲ್ಲಿ ಮಸೀದಿಯಾಗಿ, 20ನೆಯ ಶತಮಾನದಲ್ಲಿ ವಸ್ತುಸಂಗ್ರಹಾಲಯವಾಗಿ, 2020ರಲ್ಲಿ ಮತ್ತೆ ಮಸೀದಿಯಾದ ಆಯಾಸೋಫಿಯಾ, ಅದರ ಎದುರಿನ ನೀಲಿ ಮಸೀದಿ, ತೋಪ್‌ಕಪಿ ಅರಮನೆ, ನೆಲದಡಿಯ ಕಂಬಗಳ ಜಲಾಗಾರ. ಇವೆಲ್ಲ ಒಂದೇ ಮೈದಾನದ ಸುತ್ತಮುತ್ತ ಇರುವುದರಿಂದ ಪಟ್ಟಿ ಬೇಗ ಮುಗಿಯುತ್ತದೆ. ಆದರೆ ಆ ನಗರವನ್ನು ಸಾವಿರ ವರ್ಷ ಕಾದದ್ದು ಪಡುವಣದ ಭೂಭಾಗದಲ್ಲಿ 5ನೆಯ ಶತಮಾನದಲ್ಲಿ ಎದ್ದ ಕೋಟೆಗೋಡೆ, ಉಳಿದ ಕಡೆ ಸಮುದ್ರ, ಮತ್ತು ಬಂದರಿನ ಬಾಯಿಗೆ ಅಡ್ಡ ಬಿಗಿದ ಕಬ್ಬಿಣದ ಸರಪಳಿ. 1453ರಲ್ಲಿ ಸುಲ್ತಾನ ಎರಡನೆಯ ಮೆಹಮದ್ ಆ ಸರಪಳಿಯನ್ನು ಮುರಿಯಲಾಗದೆ ಹಡಗುಗಳನ್ನು ದಿಬ್ಬದ ಮೇಲಿಂದ ಎಳೆಸಿ ಒಳಗಿನ ನೀರಿಗೆ ಇಳಿಸಿದ. ಮೇ 29ರಂದು ಗೋಡೆಯೂ ಒಡೆಯಿತು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಗೋಡೆಯ ಬಳಿ ಒಂದು ತಾಸು ನಿಂತವನಿಗೆ ಒಳಗಿನ ಗುಮ್ಮಟಗಳೂ ಅರಮನೆಯೂ ತಾವಾಗಿ ಅರ್ಥ ಕೊಡುತ್ತವೆ. ಇಸ್ತಾಂಬುಲ್‌ಗೂ ಶ್ರೀರಂಗಪಟ್ಟಣಕ್ಕೂ ಇರುವ ಹೋಲಿಕೆ ನಾನು ಬಲವಂತವಾಗಿ ತಂದದ್ದಲ್ಲ. ಎರಡೂ ನೀರನ್ನು ಕಾವಲಿಗಿಟ್ಟುಕೊಂಡ ರಾಜಧಾನಿಗಳು. ಎರಡೂ ಬಿದ್ದದ್ದು ಮೇ ತಿಂಗಳಲ್ಲಿ. ಶ್ರೀರಂಗಪಟ್ಟಣದ ಮಟ್ಟಿಗೆ ಆ ಮೇ ತಿಂಗಳು ಕಾಕತಾಳೀಯವಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಈ ಎರಡು ಊರುಗಳ ನಡುವೆ ಒಂದು ನೇರ ದಾರಿಯೂ ಇತ್ತು. ಟಿಪ್ಪು ಸುಲ್ತಾನ್ ಕಳಿಸಿದ ರಾಯಭಾರಿಗಳು 1786ರಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಇಸ್ತಾಂಬುಲ್ ಕಡೆಗೆ ಹೊರಟರು. ಗುಲಾಂ ಅಲಿ ಖಾನ್ ಅವರ ಮುಖ್ಯಸ್ಥ. ಸೇವಕರು, ಸಿಪಾಯಿಗಳು ಎಲ್ಲ ಸೇರಿ ಸುಮಾರು 900 ಜನ. ಮಸ್ಕತ್, ಬಸ್ರಾ, ಬಾಗ್ದಾದ್ ಮಾರ್ಗವಾಗಿ ಅವರು ಇಸ್ತಾಂಬುಲ್ ಮುಟ್ಟಿದ್ದು 1787ರಲ್ಲಿ. ರಷ್ಯದ ಮೇಲಿನ ಯುದ್ಧದಲ್ಲಿ ಸಿಕ್ಕಿಕೊಂಡಿದ್ದ ತುರ್ಕರಿಗೆ ಇಂಗ್ಲಿಷರನ್ನು ಎದುರು ಹಾಕಿಕೊಳ್ಳುವುದು ಬೇಕಿರಲಿಲ್ಲ. ರಾಯಭಾರಿಗಳಿಗೆ ಮರ್ಯಾದೆ ಸಿಕ್ಕಿತು, ಸೈನ್ಯದ ನೆರವು ಸಿಗಲಿಲ್ಲ. ಹಡಗು ಒಡೆದು, ಪ್ಲೇಗ್ ತಗುಲಿ, ಹೊರಟವರಲ್ಲಿ ಬಹುಪಾಲು ಜನ ತಿರುಗಿ ಬರಲಿಲ್ಲ. ಗುಂಪಿನಲ್ಲಿದ್ದ ಖ್ವಾಜಾ ಅಬ್ದುಲ್ ಖಾದಿರ್ ಪಾರಸಿಯಲ್ಲಿ ಬರೆದಿಟ್ಟ ದಿನಚರಿ ಮಾತ್ರ ಉಳಿದಿದೆ, ಅದೂ ಪಯಣದ ಒಂದು ಭಾಗಕ್ಕೆ. ಮೈಸೂರು ದೊರೆ ಅಷ್ಟು ದೂರಕ್ಕೆ, ಅಷ್ಟು ಜನರ ಪ್ರಾಣ ಒಡ್ಡಿ ಕೈಚಾಚಿದ್ದೇಕೆ? ಕೋಟೆ ಎಷ್ಟೇ ಗಟ್ಟಿಯಾಗಿದ್ದರೂ ದ್ವೀಪ ಒಂಟಿಯಾಗಿ ನಿಲ್ಲಲಾರದು ಎಂಬ ಲೆಕ್ಕ ಆ ನಡೆಯಲ್ಲಿ ಇದೆ. ಹೊರಗಿನ ದಾರಿಗಳು ಶತ್ರುವಿನ ಕೈಗೆ ಹೋದರೆ ಒಳಗಿನ ಗೋಡೆ ಕೆಲವು ವಾರದ ಮಾತು.

ಆ ದಾರಿಗಳಲ್ಲಿ ಒಂದು ನಮ್ಮದೇ. ಬೆಂಗಳೂರಿನಿಂದ ಕನಕಪುರ, ಸಾತನೂರು, ಹಲಗೂರು, ಮಳವಳ್ಳಿಯ ಮೇಲೆ ಕೊಳ್ಳೇಗಾಲಕ್ಕೆ ಹೋಗುವ ರಸ್ತೆಯಲ್ಲಿ ದಿನವೂ ಓಡಾಡುವ ನಮಗೆ ಅದು ಬಸ್ಸಿನ ರೂಟು. 18ನೆಯ ಶತಮಾನದ ಸೇನಾಪತಿಗಳಿಗೆ ಈ ಕನಕಪುರದ ದಿಕ್ಕು ಶ್ರೀರಂಗಪಟ್ಟಣದ ಹಿತ್ತಲ ಬಾಗಿಲಾಗಿತ್ತು. ಚನ್ನಪಟ್ಟಣ, ಮದ್ದೂರಿನ ಮುಖ್ಯ ದಾರಿಯನ್ನು ಟಿಪ್ಪು ಕಾಯುತ್ತಿದ್ದುದರಿಂದ 1791ರ ಮೇ ತಿಂಗಳಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕನಕಪುರದ ಸುತ್ತುದಾರಿ ಹಿಡಿದ. ಟಿಪ್ಪು ಮುಂದಾಗಿಯೇ ಹಾದಿಯ ಹುಲ್ಲು, ಮೇವು, ದವಸ ಸುಡಿಸಿದ್ದ. ಎತ್ತುಗಳು ಸಾಲುಸಾಲಾಗಿ ಸತ್ತವು. ಅರಕೆರೆಯ ಬಳಿ ಮೇ 15ರಂದು ನಡೆದ ಕಾಳಗದಲ್ಲಿ ಗೆದ್ದರೂ, ಅಷ್ಟರಲ್ಲಿ ಮಳೆ ಹಿಡಿದು ಹೊಳೆ ಏರಿತ್ತು, ದಾಟಲಾಗಲಿಲ್ಲ. ದಡಗುಂಟ ಕನ್ನಂಬಾಡಿಯ ತನಕ ಹೋದ ಕಾರ್ನ್‌ವಾಲಿಸ್, ಎಳೆಯಲು ಎತ್ತುಗಳಿಲ್ಲದೆ, ಕೋಟೆ ಒಡೆಯಲೆಂದು ತಂದಿದ್ದ ದೊಡ್ಡ ತೋಪುಗಳನ್ನು ತಾನೇ ಹಾಳು ಮಾಡಿ ಬೆಂಗಳೂರಿಗೆ ಹಿಂತಿರುಗಿದ. ಕಾಳಗದಲ್ಲಿ ಗೆದ್ದ ಸೈನ್ಯವನ್ನು ಹುಲ್ಲು ಮತ್ತು ಹೊಳೆ ಸೋಲಿಸಿದವು. ಅದೇ ಕಾರ್ನ್‌ವಾಲಿಸ್ ಮರುವರ್ಷ ಫೆಬ್ರವರಿಯಲ್ಲಿ, ಹೊಳೆ ಇಳಿದಿರುವ ಕಾಲಕ್ಕೆ, ಬೇರೆ ಸಿದ್ಧತೆಯೊಡನೆ ಬಂದ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಒಪ್ಪಿಸಿ, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು.

ಏಳು ವರ್ಷದ ಮೇಲೆ ಇಂಗ್ಲಿಷರ ಜನರಲ್ ಹ್ಯಾರಿಸ್ ಬಂದದ್ದೂ ಕನಕಪುರದ ಮೇಲೆಯೇ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಲ್ಲಿ ಕಾಳಗವಾಯಿತು. ಮುಂದೆ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ ಅಲ್ಲಿದ್ದ. ನನ್ನ ಮಟ್ಟಿಗೆ ಶ್ರೀರಂಗಪಟ್ಟಣದ ಇತಿಹಾಸದಲ್ಲಿ ನಿರ್ಣಾಯಕ ಗಳಿಗೆ ಬಂದದ್ದು ಆ ಕಾಳಗವಾದ ಮೂರ್ನಾಲ್ಕು ದಿನದೊಳಗೆ, ಗುಂಡು ಹಾರದ ಒಂದು ಜಾಗದಲ್ಲಿ. ಹ್ಯಾರಿಸ್ ಹಿಂದಿನಂತೆ ಅರಕೆರೆಯ ದಾರಿಯಲ್ಲೇ ಬರುತ್ತಾನೆಂದು ಟಿಪ್ಪು ನಂಬಿದ್ದ, ಆ ಕಡೆಯ ಮೇವನ್ನೆಲ್ಲ ಸುಡಿಸಿದ್ದ. ಹ್ಯಾರಿಸ್ ದಾರಿ ಬದಲಿಸಿ ಸೋಸಲೆಯ ಬಳಿ ಕಾವೇರಿ ದಾಟಿದ. ಆಚೆ ದಡದ ಹಳ್ಳಿಗಳಲ್ಲಿ ಹುಲ್ಲು ಇತ್ತು, ದನ ಇತ್ತು, ದವಸ ಇತ್ತು. ಹತ್ತಾರು ಸಾವಿರ ಎತ್ತುಗಳ ಆ ಸೈನ್ಯಕ್ಕೆ ಜೀವ ಬಂದದ್ದು ಅಲ್ಲಿ. ಏಪ್ರಿಲ್ 5ರ ಹೊತ್ತಿಗೆ ಅದು ಕೋಟೆಯ ಪಡುವಣಕ್ಕೆ ಬಂದು ಬೀಡುಬಿಟ್ಟಿತು. ಮಳವಳ್ಳಿ, ಬನ್ನೂರು, ಅರಕೆರೆ, ಸೋಸಲೆ ಎಂಬ ಹೆಸರುಗಳು ನಮ್ಮ ಸೀಮೆಯವರಿಗೆ ಸಂತೆ, ನೆಂಟಸ್ತನ, ಜಾತ್ರೆಗಳಿಂದ ಪರಿಚಿತ. ಶ್ರೀರಂಗಪಟ್ಟಣಕ್ಕೆ ಹೊರಟ ಬಸ್ಸಿನಲ್ಲಿ ಈ ಹೆಸರಿನ ಬೋರ್ಡುಗಳು ಒಂದೊಂದಾಗಿ ಕಿಟಕಿಯಲ್ಲಿ ಬರುವಾಗ ಮಕ್ಕಳಿಗೆ ಈ ಕಥೆ ಹೇಳಲು ಟಿಕೆಟ್ ಬೇಡ, ಗೈಡೂ ಬೇಡ. ಊರು ಮುಟ್ಟುವ ಹೊತ್ತಿಗೆ ಅರ್ಧ ನೋಟ ಮುಗಿದಿರುತ್ತದೆ, ಅರ್ಧ ದಿನ ಹಾಗೇ ಉಳಿದಿರುತ್ತದೆ.

ಇನ್ನು ನೀರು. ಕಾವೇರಿ ಕವಲೊಡೆದು ದ್ವೀಪ ಮಾಡುವುದನ್ನು ಹಲಗೂರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಶಿವನಸಮುದ್ರದಲ್ಲಿ ಅದೇ ಹೊಳೆ ಎರಡಾಗಿ ಗಗನಚುಕ್ಕಿ, ಭರಚುಕ್ಕಿಯಾಗಿ ಬೀಳುತ್ತದೆ. ನಡುವಿನ ದ್ವೀಪದಲ್ಲಿ ಮಧ್ಯರಂಗ. ಮೇಲೆ ಶ್ರೀರಂಗಪಟ್ಟಣದಲ್ಲಿ ಆದಿರಂಗ. ಅಲ್ಲಿನ ದ್ವೀಪ ಸುಮಾರು ಐದು ಕಿಲೋಮೀಟರ್ ಉದ್ದ, ಅದರ ಪಡುವಣ ತುದಿಯಲ್ಲಿ ಕೋಟೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಅದನ್ನು ಪಡೆದಾಗಿನಿಂದ 1799ರ ತನಕ ಮೈಸೂರಿನ ರಾಜಧಾನಿ ಅದೇ. ಸುತ್ತಲೂ ಹೊಳೆ ಇದ್ದರೂ ಊರೊಳಗೆ ನೀರು ಹರಿಸಲು ಪ್ರತ್ಯೇಕ ಉಪಾಯ ಬೇಕಾಗಿತ್ತು, ಹೊಳೆ ಕೆಳಗೆ, ಊರು ಮೇಲೆ. 17ನೆಯ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಮೇಲ್ಗಡೆ ಅಣೆ ಕಟ್ಟಿ ಬಂಗಾರದೊಡ್ಡಿ ನಾಲೆ ತೆಗೆದರು. ಹೊಳೆಯ ಕವಲೊಂದರ ಮೇಲೆ ಮೇಲ್ಗಾಲುವೆ ಕಟ್ಟಿ ಆ ನಾಲೆಯ ನೀರನ್ನು ದ್ವೀಪಕ್ಕೆ ದಾಟಿಸಿದರು. ಹೊಳೆಯ ಮೇಲೆ ಹೊಳೆಯ ನೀರನ್ನೇ ಹಾಯಿಸಿದ ಈ ಕಲ್ಲುಕೆಲಸ ನನ್ನ ಕಣ್ಣಿಗೆ ಗುಂಬಜಿನಷ್ಟೇ ದೊಡ್ಡದು. ಅದೇ ಅಣೆಯಿಂದಾಗಿ ಮೂಡಿದ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟಿದವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇಲೆ 1940ರಲ್ಲಿ ಅದು ರಂಗನತಿಟ್ಟು ಪಕ್ಷಿಧಾಮವಾಯಿತು. ಪಟ್ಟಿಯಲ್ಲಿ ರಂಗನತಿಟ್ಟು ಬೇರೆ, ಕೋಟೆ ಬೇರೆ, ಕನ್ನಂಬಾಡಿ ಬೇರೆ. ನೀರು ಹಿಡಿದು ನೋಡಿದರೆ ಮೂರೂ ಒಂದೇ ಕಥೆಯ ಭಾಗಗಳು. ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟೆ ಹಾಕುವ ಟಿಪ್ಪುವಿನ ಸಂಕಲ್ಪವನ್ನು ಹೇಳುವ ಪಾರಸಿ ಶಾಸನ 20ನೆಯ ಶತಮಾನದಲ್ಲಿ ಅಣೆಕಟ್ಟೆಯ ಕೆಲಸ ನಡೆಯುವಾಗ ಸಿಕ್ಕಿತು. 1911ರಲ್ಲಿ ಆರಂಭವಾದ ಆ ಕಟ್ಟೆಯ ಉದ್ದೇಶಗಳಲ್ಲಿ ಒಂದು, ನಮ್ಮ ಪಕ್ಕದ ಶಿವನಸಮುದ್ರದ ವಿದ್ಯುತ್ತಿಗೆ ವರ್ಷವಿಡೀ ಒಂದೇ ಸಮ ನೀರು ಕೊಡುವುದು. ಅದರ ವಿಶ್ವೇಶ್ವರಯ್ಯ ನಾಲೆಯೇ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಬರುವುದು. ಶ್ರೀರಂಗಪಟ್ಟಣದ ನೀರಿನ ಕಥೆ ಹೀಗೆ ನಮ್ಮ ತೂಬಿನ ತನಕ ಬಂದು ನಿಲ್ಲುತ್ತದೆ.

ಮೇ ತಿಂಗಳ ಮಾತಿಗೆ ಬರೋಣ. ಕಾವೇರಿ ತುಂಬುವುದು ಮುಂಗಾರಿಗೆ. ತುಂಬಿದ ಹೊಳೆಯೇ ಕೋಟೆಯ ಮೊದಲ ಗೋಡೆ. ಆ ಗೋಡೆ ಏಳುವುದರೊಳಗೆ ಒಳನುಗ್ಗದಿದ್ದರೆ ಹ್ಯಾರಿಸ್‌ನ ಗತಿಯೂ ಕಾರ್ನ್‌ವಾಲಿಸ್‌ನ ಗತಿಯೇ. ಅವನ ಪಾಳೆಯದಲ್ಲಿ ಅಕ್ಕಿಯೂ ಮುಗಿಯುತ್ತ ಬಂದಿತ್ತು. ಮೇ 3ರ ಹೊತ್ತಿಗೆ ವಾಯವ್ಯ ಮೂಲೆಯ ಬಳಿ ಗೋಡೆ ಬಿರಿಯಿತು. ಮೇ 4ರ ಮಧ್ಯಾಹ್ನ ಒಂದು ಗಂಟೆಗೆ, ನೀರು ಇಳಿದು ಬಂಡೆ ತೋರುತ್ತಿದ್ದ ಪಾತ್ರವನ್ನು ದಾಟಿ ಸೈನ್ಯ ಒಳನುಗ್ಗಿತು. ಅಂದು ಸಂಜೆಯೊಳಗೆ ಟಿಪ್ಪು ಮಡಿದಿದ್ದ. ನುಗ್ಗಿದವರ ಮುಂದಾಳು ಡೇವಿಡ್ ಬೇರ್ಡ್, 1780ರ ಪೊಲ್ಲಿಲೂರು ಯುದ್ಧದಲ್ಲಿ ಮೈಸೂರಿನವರಿಗೆ ಸೆರೆ ಸಿಕ್ಕು 1784ರ ತನಕ ಇದೇ ಊರಿನಲ್ಲಿ ಸಂಕೋಲೆಯಲ್ಲಿದ್ದವನು. ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಜನ ನಿಂತು ನೋಡುವ ದೊಡ್ಡ ಚಿತ್ರ ಆ ಪೊಲ್ಲಿಲೂರು ಯುದ್ಧದ್ದೇ, ಇಂಗ್ಲಿಷರ ಕರ್ನಲ್ ಬೇಲಿಯ ಸೋಲಿನದು. ಬೇಲಿ 1782ರಲ್ಲಿ ಸೆರೆಯಲ್ಲೇ ಸತ್ತ, ಕೋಟೆಯೊಳಗಿನ ಬಂದೀಖಾನೆಗೆ ಅವನ ಹೆಸರಿದೆ. ಅರಮನೆಯ ಚಿತ್ರ, ಬಂದೀಖಾನೆ, ಒಡೆದ ಗೋಡೆಯ ಬಳಿ 1907ರಲ್ಲಿ ನಿಲ್ಲಿಸಿದ ಸ್ಮಾರಕಸ್ತಂಭ, ಇವು ಮೂರನ್ನೂ ಬೇರ್ಡ್ ಎಂಬ ಒಬ್ಬನ ಬಾಳಿನ ಎಳೆಯಲ್ಲಿ ಪೋಣಿಸಬಹುದು. ಇನ್ನೊಂದು ವಿಷಯವನ್ನೂ ತಿಳಿದು ಹೋಗುವುದು ಒಳ್ಳೆಯದು: ಆ ಚಿತ್ರ ಒಮ್ಮೆ ಸುಣ್ಣದಡಿ ಮುಚ್ಚಿ, ಆಮೇಲೆ ವೆಲ್ಲೆಸ್ಲಿಯ ಕಾಲದಲ್ಲಿ, ಮತ್ತೆ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಹೊಸದಾಗಿ ಬಣ್ಣ ಕಂಡದ್ದು. ಗೆದ್ದವನು ಬರೆಸಿದ ಚಿತ್ರವನ್ನು ಸೋತವರ ಕಡೆಯವರೇ ಉಳಿಸಿಕೊಟ್ಟಿದ್ದಾರೆ.

ಇದಕ್ಕೆಲ್ಲ ಒಂದು ಬಲವಾದ ಆಕ್ಷೇಪವಿದೆ. ಹಳ್ಳಿಯಿಂದ ಹೋಗುವ ಸಂಸಾರಕ್ಕೆ ವರ್ಷಕ್ಕೊಂದು ದಿನದ ಬಿಡುವು. ವ್ಯಾನಿಗೆ ಬಾಡಿಗೆ ಕೊಟ್ಟಿದ್ದಾರೆ. ಅಜ್ಜಿಗೆ ದೇವರ ದರ್ಶನ ಬೇಕು, ಮಕ್ಕಳಿಗೆ ನೀರಾಟ ಬೇಕು. ಅಂಥವರಿಗೆ ಅದನ್ನು ಬಿಡಿ, ಇದನ್ನು ಓದಿ ಎನ್ನುವುದು ಪಂಡಿತರ ಹಟವಾದೀತು. ಇದರಲ್ಲಿ ನಿಜವಿದೆ. ದರ್ಶನಕ್ಕೆ ಹೋದವರ ಭಕ್ತಿಗೆ ಇತಿಹಾಸದ ಪಾಠ ಬೇಕಾಗಿಲ್ಲ. ಮಲಗಿದ ರಂಗನಾಥನ ಮುಂದೆ ಕೈಮುಗಿದು ಬಂದವರ ದಿನ ತುಂಬಿದ ದಿನವೇ, ಅವರಿಗೆ ನಾನು ಹೇಳಬೇಕಾದ್ದೇನೂ ಇಲ್ಲ. ಆದರೆ ಉಳಿದ ಹೊತ್ತಿನಲ್ಲಿ ಆರು ಜಾಗಕ್ಕೆ ಓಡಿ ಪ್ರತಿಯೊಂದಕ್ಕೂ ಕಾಲು ಗಂಟೆ ಕೊಡುವುದರಿಂದ ಅಜ್ಜಿಗೂ ದಣಿವು, ಮಕ್ಕಳಿಗೂ ದಣಿವು. ಹೊತ್ತಿನ ಬಹುಪಾಲು ವ್ಯಾನು ಹತ್ತಿ ಇಳಿಯುವುದರಲ್ಲಿ, ಪಾರ್ಕಿಂಗ್ ಹುಡುಕುವುದರಲ್ಲಿ, ಚಪ್ಪಲಿ ಬಿಡುವುದರಲ್ಲಿ ಹೋಗುತ್ತದೆ. ಕಡಿಮೆ ನೋಡಿ ಎನ್ನುವುದರಿಂದ ಬಡವರ ಖರ್ಚು ಉಳಿಯುತ್ತದೆ. ಕೋಟೆಗೋಡೆಗೆ, ಹೊಳೆಯ ದಡಕ್ಕೆ ಟಿಕೆಟ್ ಇಲ್ಲ.

ಇನ್ನೊಂದು ಆಕ್ಷೇಪ ಈಚಿನದು, ಕಹಿಯಾದದ್ದು. ಶ್ರೀರಂಗಪಟ್ಟಣ ಎಂದೊಡನೆ ಟಿಪ್ಪುವಿನ ವಿವಾದ ಏಳುತ್ತದೆ; ದಾರಿ, ನೀರು ಎಂದು ಮಾತಾಡುವುದು ಆ ಪ್ರಶ್ನೆಯಿಂದ ನುಣುಚಿಕೊಳ್ಳುವ ಉಪಾಯ ಎಂದು ಎರಡೂ ಕಡೆಯವರು ಹೇಳಬಹುದು. ನುಣುಚಿಕೊಳ್ಳುವುದು ನನಗೆ ಬೇಡ. ದ್ವೀಪದ ಮೂಡಣ ಭಾಗದ ಗಂಜಾಂ ಪೇಟೆಯನ್ನು ಟಿಪ್ಪು ತುಂಬಿಸಿದ್ದು ಶಿರಾದಿಂದ 12,000 ಮನೆತನಗಳನ್ನು ಬಲವಂತವಾಗಿ ತಂದು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಶಿರಾ ಬರಿದಾಯಿತು, ಗಂಜಾಂ ಬೆಳೆಯಿತು. ಕೋಟೆಯ ಸುತ್ತ ಮೇವು ಸುಡಿಸಿದಾಗ ಸುಟ್ಟದ್ದು ನಮ್ಮ ಕಡೆಯ ರೈತರ ಮೇವು. ಅದೇ ದೊರೆಯ ಕಾಲದಲ್ಲಿ ಮಸೀದಿ ಎದ್ದಿತು, ಕೂಗಳತೆಯಲ್ಲಿದ್ದ ರಂಗನಾಥನ ಗುಡಿಯಲ್ಲಿ ಪೂಜೆ ನಡೆಯಿತು, ಕಟ್ಟೆಯ ಯೋಜನೆ ಹುಟ್ಟಿತು. ಇಂಗ್ಲಿಷರು 1792ರಲ್ಲಿ ಇದೇ ದ್ವೀಪದ ಲಾಲ್‌ಬಾಗಿನ ಮರಗಳನ್ನು ಮುತ್ತಿಗೆಯ ಕೆಲಸಕ್ಕೆ ಕಡಿದುಹಾಕಿದರು, 1799ರಲ್ಲಿ ಊರನ್ನು ಲೂಟಿ ಮಾಡಿದರು. ಜೈಕಾರ ಹಾಕುವವರೂ ಧಿಕ್ಕಾರ ಹಾಕುವವರೂ ಗುಂಬಜ್ ಮತ್ತು ಗುಡಿಯ ನಡುವಿನ ರಸ್ತೆಯಷ್ಟನ್ನೇ ನೋಡಿ ಬರುತ್ತಾರೆ. ದಾರಿ ಮತ್ತು ನೀರಿನ ಜಾಡು ಹಿಡಿದವರಿಗೆ ಅರಸರ ಜೊತೆಗೆ ರೈತ, ಎತ್ತು ಹೊಡೆಯುವವ, ನಾಲೆ ತೋಡಿದವ, ಶಿರಾದಿಂದ ಗಂಟುಮೂಟೆ ಹೊತ್ತು ಬಂದವ ಕಾಣುತ್ತಾರೆ. ಅವರನ್ನು ಕಂಡ ಮೇಲೆ ಅರಸನ ಬಗ್ಗೆ ತೀರ್ಪು ಕೊಡುವವರು ಕೊಡಲಿ.

ಊರು ಬಿದ್ದ ಮೇಲಿನ ಕಥೆ ಪಟ್ಟಿಯಲ್ಲಿ ಬರುವುದೇ ಇಲ್ಲ. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕೆಂದು ಇಂಗ್ಲಿಷ್ ಕಂಪನಿಗಾಗಿ ನಾಡು ಸುತ್ತಿ ವರದಿ ಬರೆದ ಬುಕಾನನ್ ಅಂದಾಜು ಮಾಡಿದ. 1800ರಲ್ಲಿ ಅವನು ಬಂದಾಗ ಉಳಿದಿದ್ದವರು ಸುಮಾರು 32 ಸಾವಿರ. ಅರಸೊತ್ತಿಗೆ ಮೈಸೂರಿಗೆ ಹೋಯಿತು, ಜ್ವರದ ಕಾಟಕ್ಕೆ ಇಂಗ್ಲಿಷ್ ಪಾಳೆಯವೂ ಬೆಂಗಳೂರಿಗೆ ಎದ್ದಿತು. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ 1804ರಲ್ಲಿ ಉತ್ತರದ ಕವಲಿಗೆ ಕಟ್ಟಿದ ವೆಲ್ಲೆಸ್ಲಿ ಸೇತುವೆ ಇನ್ನೂ ನಿಂತಿದೆ, ಕಮಾನಿಲ್ಲದ ಕಲ್ಲುಕಂಬಗಳ ಮೇಲೆ. ಆಮೇಲೆ ಬಂದ ರೈಲು ಕೋಟೆಯ ಮೈ ಸೀಳಿಕೊಂಡೇ ಹೋಯಿತು. ಜೋಡಿಹಳಿಗೆ ಜಾಗ ಬೇಕಾದಾಗ, 2017ರಲ್ಲಿ, ಟಿಪ್ಪುವಿನ ಕಾಲದ ಮದ್ದಿನಮನೆಯೊಂದನ್ನು ಕೆಡವದೆ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. 2023ರ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡೇ ಮೈಸೂರಿಗೆ ಹೋಗುತ್ತದೆ. ಎರಡು ಶತಮಾನ ಎಲ್ಲ ದಾರಿಗಳ ಗುರಿಯಾಗಿದ್ದ ಊರನ್ನು ಈಗಿನ ದಾರಿ ಮುಟ್ಟದೆ ದಾಟುತ್ತದೆ.

ಹಾಗಾದರೆ ಅರ್ಧ ದಿನವನ್ನು ಹೇಗೆ ಕಳೆಯಬೇಕು? ನನ್ನ ಸಲಹೆ ಇಷ್ಟು. ಮಳವಳ್ಳಿ, ಬನ್ನೂರು, ಅರಕೆರೆಯ ದಾರಿ ಹಿಡಿಯಿರಿ. ಹೆದ್ದಾರಿ ಬೇಗ ಮುಟ್ಟಿಸಿದರೂ ಕಥೆ ಇರುವುದು ಈ ಕಡೆ. ಬೆಳಗ್ಗೆ ದೇವಸ್ಥಾನ ಮುಗಿಸಿ, ವ್ಯಾನು ಅಲ್ಲೇ ಬಿಟ್ಟು, ನಡೆದು ಪಡುವಣದ ಗೋಡೆಗೆ ಹೋಗಿ. ಸ್ತಂಭದ ಬಳಿ ನಿಂತು ಕೆಳಗಿನ ಪಾತ್ರವನ್ನು ನೋಡಿ, ದಾಟಿ ಬಂದವರಿಗೆ ಎಷ್ಟು ಹೊತ್ತು ಹಿಡಿದಿರಬಹುದೆಂದು ಮಕ್ಕಳನ್ನೇ ಕೇಳಿ. ಅಲ್ಲಿಂದ ಗೋಡೆಗುಂಟ ಬಡಗಣಕ್ಕೆ ಬಂದರೆ ಬಂದೀಖಾನೆ ಸಿಗುತ್ತದೆ. ಆಮೇಲೆ ದರಿಯಾ ದೌಲತ್ತಿಗೆ ಹೋಗಿ ಒಂದೇ ಒಂದು ಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲಿ. ಗುಂಬಜ್, ಸಂಗಮ, ಕನ್ನಂಬಾಡಿ ಇನ್ನೊಂದು ಸಲಕ್ಕಿರಲಿ. ನಮ್ಮ ಊರಿಂದ ಅದೇನು ದೂರವಲ್ಲ. ಶಾಲೆಯ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಪ್ರವಾಸಗಳು ಸಾಮಾನ್ಯವಾಗಿ ಚಳಿಗಾಲದಲ್ಲಿ ಹೊರಡುತ್ತವೆ, ಆಗ ಹೊಳೆ ತುಂಬಿಯೂ ಇರುವುದಿಲ್ಲ, ಬತ್ತಿಯೂ ಇರುವುದಿಲ್ಲ. ಒಂದು ತಂಡವನ್ನಾದರೂ ಕಟ್ಟೆಯ ನೀರು ಬಿಟ್ಟಿರುವ ಮಳೆಗಾಲದಲ್ಲಿ ಕರೆದೊಯ್ದು, ದಡದಿಂದ ದೂರ ನಿಲ್ಲಿಸಿ, ವೆಲ್ಲೆಸ್ಲಿ ಸೇತುವೆಯ ಕಡೆಯ ಪ್ರವಾಹ ತೋರಿಸಿ. ಇನ್ನೊಂದು ತಂಡವನ್ನು ಬೇಸಿಗೆಯಲ್ಲಿ ಕರೆದೊಯ್ಯಿರಿ. ಎರಡೂ ತಂಡದ ಮಕ್ಕಳು ವಾಪಸು ಬಂದು ತಾವು ಕಂಡದ್ದನ್ನು ಬರೆದು ಒಬ್ಬರಿಗೊಬ್ಬರು ಓದಿ ಹೇಳಲಿ. ಮೇ 4ನೆಯ ತಾರೀಖನ್ನು ಆಮೇಲೆ ಅವರಿಗೆ ಉರುಹೊಡೆಸುವ ಕೆಲಸ ನಿಮಗೆ ಇರುವುದಿಲ್ಲ.